ಮ್ಯೂಚುವಲ್ ಫಂಡ್ ಹೂಡಿಕೆ: ಬಿಲ್ಲಿಲ್ಲದೆ ತೆರುವ ತೆರಿಗೆ

ಲೆಕ್ಕಪರಿಶೋಧನಾ ಶುಲ್ಕದ ಬಿಲ್ಲಿನಲ್ಲಿ ನಾವು ಶೇ. 18ರಷ್ಟು ಜಿ.ಎಸ್.ಟಿ. ನಮೂದಿಸುತ್ತೇವೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ವರ್ತಕರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದು, ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಅವರೇ ಮ್ಯೂಚುವಲ್ ಫಂಡ್‌ನಲ್ಲಿ ಹಣ ತೊಡಗಿಸಿದಾಗ ಹೊರುವ ಜಿ.ಎಸ್.ಟಿ.ಗೆ ಮಾತ್ರ ಬಿಲ್ಲೂ ಇಲ್ಲ, ಕ್ರೆಡಿಟ್ಟೂ ಇಲ್ಲ.

ಶುಲ್ಕದ ಮೇಲಿನ ತೆರಿಗೆ

ಫಂಡ್ ನಿರ್ವಹಿಸುವ ಕಂಪನಿಯ ಶುಲ್ಕಕ್ಕೆ 2017ರ ಜೂನ್‌ವರೆಗೆ ಉಪಕರಗಳೂ ಸೇರಿ ಶೇ. 15ರಷ್ಟು ಸೇವಾ ತೆರಿಗೆಯಿತ್ತು. ಜುಲೈ 1ರಿಂದ ಶೇ. 18ರಷ್ಟು ಜಿ.ಎಸ್.ಟಿ. ಬಂದಿತು. ಹತ್ತು ಲಕ್ಷ ರೂಪಾಯಿ ಹೂಡಿಕೆಗೆ ವಾರ್ಷಿಕ ಶುಲ್ಕ ಶೇ. 1 ಎಂದಾದರೆ ಶುಲ್ಕ 10,000 ರೂ., ತೆರಿಗೆ 1,800 ರೂ. ಇದನ್ನು ಯೋಜನೆಯ ಆಸ್ತಿಯಿಂದಲೇ ದಿನದಿನವೂ ಕಳೆಯುವುದರಿಂದ ಯೂನಿಟ್ಟಿನ ನಿವ್ವಳ ಮೌಲ್ಯ ಅಷ್ಟರಮಟ್ಟಿಗೆ ತಗ್ಗುತ್ತದೆ. ಹೂಡಿಕೆಯಲ್ಲಿ ನಷ್ಟವಾದ ವರ್ಷವೂ ಇದು ತಪ್ಪದು.

ಮುದ್ರಾಂಕ ಶುಲ್ಕ

2020ರ ಜುಲೈ 1ರಿಂದ ಯೂನಿಟ್ ಕೊಳ್ಳುವಾಗ ಶೇ. 0.005ರಷ್ಟು ಮುದ್ರಾಂಕ ಶುಲ್ಕವೂ ಸೇರಿದೆ. ಹಿರೇಗುಂಟನೂರು ಅಥವಾ ಭೀಮಸಮುದ್ರದ ಅಡಿಕೆ ವರ್ತಕರೊಬ್ಬರು ಮಾರಾಟದ ಹತ್ತು ಲಕ್ಷವನ್ನು ಮುಂದಿನ ಖರೀದಿಯವರೆಗೆ ಲಿಕ್ವಿಡ್ ಫಂಡ್‌ನಲ್ಲಿ ಇರಿಸಿದರೆಂದು ಭಾವಿಸೋಣ. ಶುಲ್ಕ 50 ರೂ. ವಾರ್ಷಿಕ ಶೇ. 6ರಂತೆ ಏಳು ದಿನಗಳ ಗಳಿಕೆ ಸುಮಾರು 1,150 ರೂ.; ಅದರಲ್ಲಿ ಶೇ. 4ಕ್ಕೂ ಹೆಚ್ಚು ಭಾಗ ಈ ಶುಲ್ಕಕ್ಕೇ ಹೋಯಿತು. ವರ್ಷವಿಡೀ ಇರಿಸಿದರೆ 60,000 ರೂ. ಗಳಿಕೆಗೂ ಅದೇ 50 ರೂ. ಪದೇ ಪದೇ ಹಾಕಿ ತೆಗೆಯುವವರು ಇದನ್ನು ಗಮನಿಸಬೇಕು.

ಹೂಡಿಕೆದಾರರು ಮಾಡಬೇಕಾದುದೇನು?

ತೆರಿಗೆಯ ದರ ನಮ್ಮ ಕೈಯಲ್ಲಿಲ್ಲ. ಅದು ಯಾವ ಮೊತ್ತದ ಮೇಲೆ ಬೀಳಬೇಕೆಂಬುದು ಸ್ವಲ್ಪಮಟ್ಟಿಗೆ ನಮ್ಮ ಆಯ್ಕೆ. 2013ರ ಜನವರಿಯಿಂದ ಲಭ್ಯವಿರುವ ಡೈರೆಕ್ಟ್ ಪ್ಲಾನ್‌ಗಳಲ್ಲಿ ವಿತರಕರ ಕಮಿಷನ್ ಇಲ್ಲ. ಆ ಕಮಿಷನ್ನಿನ ಮೇಲಿನ ತೆರಿಗೆಯ ಹೊರೆಯೂ ಇಲ್ಲ. ಆದರೆ ಯೋಜನೆಯನ್ನು ತಾವೇ ಆರಿಸುವ ತಿಳಿವಳಿಕೆ ಇರಬೇಕು.

2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, ಮೂಲ ವೆಚ್ಚವನ್ನೂ ಶಾಸನಬದ್ಧ ತೆರಿಗೆಗಳನ್ನೂ ಬೇರ್ಪಡಿಸುವ ಕ್ರಮಕ್ಕೆ ಸೆಬಿ ಮಂಡಳಿಯು 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಮೂಲ ವೆಚ್ಚದ ಅಂಕಿ ಚಿಕ್ಕದಾಗಿ ಕಂಡ ಮಾತ್ರಕ್ಕೆ ಹೊರೆ ಇಳಿಯಿತೆಂದು ಭಾವಿಸಬಾರದು. ಯೋಜನೆಗಳನ್ನು ಹೋಲಿಸುವಾಗ ತೆರಿಗೆ ಸೇರಿದ ಒಟ್ಟು ವೆಚ್ಚವನ್ನೇ ನೋಡತಕ್ಕದ್ದು. ಸರಕು ಕೊಳ್ಳುವಾಗ ಬಿಲ್ಲಿನ ಕೊನೆಯ ಸಾಲನ್ನು ನೋಡುವ ವರ್ತಕರಿಗೆ ಇದು ಹೊಸ ಪಾಠವೇನಲ್ಲ.