ಕಬಡ್ಡಿಯ ವ್ಯೂಹ: ಕಾಯುವವರ ಹೆಸರೂ ಹೊಣೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ಕಬಡ್ಡಿಯನ್ನು ಕಾಣದೆ ಬೆಳೆದವರು ವಿರಳ. ಊರಹಬ್ಬದಲ್ಲಿ, ಗಣೇಶೋತ್ಸವದಲ್ಲಿ, ರಾಜ್ಯೋತ್ಸವದ ತಿಂಗಳಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಬರಹವುಳ್ಳ ಬಟ್ಟೆಗಳು ನಮ್ಮ ಬೀದಿಗಳಲ್ಲಿ ತೂಗುತ್ತಿರುತ್ತವೆ. ಆದರೂ ನೋಡುವವರ ಕಣ್ಣೆಲ್ಲ ಒಬ್ಬನ ಮೇಲೆಯೇ. ಉಸಿರು ಬಿಗಿಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗುವ ದಾಳಿಗಾರನೇ ಅವರಿಗೆ ವೀರ. ಅವನನ್ನು ಎದುರಿಸುವ ಏಳು ಮಂದಿ ಕೇವಲ ಗುಂಪು. ಮಕ್ಕಳ ಭಾವನೆಯೂ ಇದೇ. ‘ನೀನು ಮೂಲೆಯಲ್ಲಿ ನಿಲ್ಲು’ ಎಂದು ವ್ಯಾಯಾಮದ ಅಧ್ಯಾಪಕರು ಹೇಳಿದರೆ, ತನ್ನನ್ನು ಮೂಲೆಗೆ ತಳ್ಳಿದರೆಂದೇ ಹುಡುಗ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಆ ಮೂಲೆ ಎಂತಹ ಸ್ಥಾನವೆಂಬುದನ್ನು ಬಲ್ಲವರು ಅವನಿಗೆ ತಿಳಿಸಿಕೊಡಬೇಡವೇ?

ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ನಡುಗೆರೆಯಿಂದ ಒಂದೊಂದು ಪಾಳೆಯದ ಆಳ ಆರೂವರೆ ಮೀಟರು. ಇದರೊಳಗೆ ಕಾಯುವವರು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ನಿಲ್ಲುತ್ತಾರೆ. ಎರಡು ತುದಿಗಳಲ್ಲಿರುವವರು ಎಡ ಕಾರ್ನರ್ ಮತ್ತು ಬಲ ಕಾರ್ನರ್, ಅವರ ಮಗ್ಗುಲಲ್ಲಿ ಎಡ ಇನ್ ಮತ್ತು ಬಲ ಇನ್, ಅವರಿಂದ ಒಳಗೆ ಎಡ ಕವರ್ ಮತ್ತು ಬಲ ಕವರ್, ನಟ್ಟನಡುವೆ ಸೆಂಟರ್. ಎಡಬಲಗಳು ಕಾಯುವವರ ದೃಷ್ಟಿಯಿಂದ ಬಂದವು. ದಾಳಿಗಾರನ ಬಲಗೈ ಕಡೆಗಿರುವವನು ಎಡ ಕಾರ್ನರ್. ಪ್ರೇಕ್ಷಕರು ಮೊದಲು ತೊಡರುವುದೇ ಇಲ್ಲಿ. ಹೆಸರುಗಳು ಆಂಗ್ಲದವಾದರೂ ಅರ್ಥ ಸರಳ. ಮೂಲೆಯವನು, ಒಳಗಿನವನು, ಕಾಪಿನವನು, ನಡುವಿನವನು ಎಂದರೆ ನಮ್ಮ ಹುಡುಗರಿಗೆ ಸಾಕು. ಕನ್ನಡದ ಹೆಸರು ಕೊಟ್ಟೊಡನೆ ಹೊಣೆಯೂ ತಾನಾಗಿ ತಿಳಿಯುತ್ತದೆಂಬುದು ನನ್ನ ನಂಬಿಕೆ.

ಈ ಏಳು ಮಂದಿಯ ವಿನ್ಯಾಸವನ್ನು ಎರಡು-ಮೂರು-ಎರಡು ಎಂದು ಎಣಿಸುವುದು ವಾಡಿಕೆ. ಮೂಲೆಯವನೂ ಒಳಗಿನವನೂ ಕೈಕೈ ಹಿಡಿದ ಜೋಡಿ ಆಚೆಗೊಂದು, ಈಚೆಗೊಂದು, ನಡುವೆ ಮೂವರು. ಒಬ್ಬ ಹೊರಬಿದ್ದು ಆರು ಮಂದಿ ಉಳಿದರೆ ಎರಡು-ಎರಡು-ಎರಡು, ಐವರಾದರೆ ಎರಡು-ಒಂದು-ಎರಡು. ಅಮೆರಿಕದ ಫುಟ್‌ಬಾಲಿನಲ್ಲಿಯೂ ರಕ್ಷಣಾವ್ಯೂಹಕ್ಕೆ ಅಂಕಿಗಳೇ ಹೆಸರು. ಅಲ್ಲಿ ಹನ್ನೊಂದು ಮಂದಿಯಲ್ಲಿ ಮುಂಚೂಣಿಯ ನಾಲ್ವರನ್ನೂ ಅವರ ಬೆನ್ನಿಗಿರುವ ಮೂವರನ್ನೂ ಎಣಿಸಿ ನಾಲ್ಕು-ಮೂರು ಎನ್ನುತ್ತಾರೆ. ಅಂಚು ಕಾಯುವವನಿಗೆ ಅಲ್ಲಿಯೂ ಕಾರ್ನರ್ ಎಂಬ ಪದವೇ ಸೇರಿದೆ. ಅವರು ಮುಂದಿನಿಂದ ಹಿಂದಕ್ಕೆ ಎಣಿಸಿದರೆ ನಾವು ಮಗ್ಗುಲಿನಿಂದ ಮಗ್ಗುಲಿಗೆ ಎಣಿಸುತ್ತೇವೆ.

ಸಂಸ್ಕೃತ ಬಲ್ಲವರಿಗೆ ಇಲ್ಲಿ ಕೌಟಿಲ್ಯನ ನೆನಪಾಗದಿರದು. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ದೊರೆತ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ಸೇನಾವ್ಯೂಹದ ವಿಚಾರವಿದೆ. ಬೃಹಸ್ಪತಿಮತದಂತೆ ವ್ಯೂಹಕ್ಕೆ ಎರಡು ಪಕ್ಷ, ಎರಡು ಕಕ್ಷ, ಒಂದು ಉರಸ್ಯ, ಹಿಂದೆ ಪ್ರತಿಗ್ರಹವೆಂಬ ಮೀಸಲು ಪಡೆ. ಪಕ್ಷವೆಂದರೆ ರೆಕ್ಕೆ, ಕಕ್ಷವೆಂದರೆ ಕಂಕುಳು, ಉರಸ್ಸೆಂದರೆ ಎದೆ. ನಮ್ಮ ಮೂಲೆ, ಒಳ, ನಡುಗಳನ್ನು ಇದಕ್ಕೆ ಹೋಲಿಸಬಹುದು. ಹನ್ನೆರಡರ ತಂಡದಲ್ಲಿ ಅಂಕಣದ ಹೊರಗೆ ಕುಳಿತ ಐವರೇ ಪ್ರತಿಗ್ರಹ. ಕವರಿಗೆ ಮಾತ್ರ ಸರಿಸಾಟಿಯಾದ ಪದ ಅಲ್ಲಿಲ್ಲ. ಕಬಡ್ಡಿಯು ಅರ್ಥಶಾಸ್ತ್ರದಿಂದ ಹುಟ್ಟಿತೆಂದು ಯಾರೂ ಭಾವಿಸಬಾರದು, ಹೋಲಿಕೆ ತಿಳಿವಳಿಕೆಗಷ್ಟೆ.

ಇನ್ನು ಹೊಣೆಯ ಮಾತು. ನಡುಗೆರೆಯಿಂದ 4.75 ಮೀಟರು ದೂರದಲ್ಲಿ ಬೋನಸ್ ಗೆರೆಯಿದೆ. ಆರು ಅಥವಾ ಏಳು ಮಂದಿ ಕಾಯುತ್ತಿರುವಾಗ ದಾಳಿಗಾರನು ಒಂದು ಕಾಲನ್ನು ಆ ಗೆರೆಯಾಚೆ ಊರಿ, ಇನ್ನೊಂದನ್ನು ನೆಲದಿಂದ ಎತ್ತಿದರೆ ಅವನಿಗೆ ಒಂದು ಅಂಕ. ಹಿಂದಿನ ಅಂಚಿಗೆ ಅಲ್ಲಿಂದ ಉಳಿಯುವುದು 1.75 ಮೀಟರು ಮಾತ್ರ. ಆ ಇಕ್ಕಟ್ಟಿನಲ್ಲಿ, ಅಂಚಿಗೆ ಬೆನ್ನು ಕೊಟ್ಟು, ಬಾಗಿ ನಿಂತಿರುವವನೇ ಮೂಲೆಯವನು. ದಾಳಿಗಾರನು ಆಸೆಪಟ್ಟು ಕಾಲು ಚಾಚಿದ ಕ್ಷಣದಲ್ಲಿ ಅವನು ಒಂಟಿಕಾಲಿನ ಮನುಷ್ಯ. ಮೂಲೆಯವನು ಎರಗಿ ಹರಡು ಹಿಡಿಯುವುದು ಆಗಲೇ. ಅರೆಕ್ಷಣ ಮುಂಚೆ ನುಗ್ಗಿದರೆ ಮುಟ್ಟಿಸಿಕೊಂಡು ಔಟಾಗುತ್ತಾನೆ. ಅರೆಕ್ಷಣ ತಡೆದರೆ ಅಂಕ ಹೋಗುತ್ತದೆ. ಮೊಣಕಾಲೂರಿ ಬೀಳುವುದು ಅವನಿಗೆ ನಿತ್ಯದ ಪಾಡು. ಮಕ್ಕಳಿಗೆ ಮೊಣಕಾಲ ಕವಚ ಕೊಡಿಸುವ ದಾನಿಗಳು ಮೊದಲ ಜೋಡಿಯನ್ನು ಇವನಿಗೆ ಕೊಡಿಸಲಿ!

ಹಿಡಿದಷ್ಟಕ್ಕೆ ಕಾರ್ಯ ಮುಗಿಯದು. ಸಿಕ್ಕಿಬಿದ್ದವನು ಹೆಣಗಾಡಿ ನಡುಗೆರೆಗೆ ಕೈ ತಾಗಿಸಿದರೆ, ಹಿಡಿದವರೆಲ್ಲರೂ ಔಟು. ಆದುದರಿಂದ ಅವನ ಹಿಂದಾರಿಯನ್ನು ಮುಚ್ಚಬೇಕು. ಅದು ಕವರಿನವನ ಕೆಲಸ. ಎದೆಯೊಡ್ಡಿ ತಡೆಯುವುದು, ತೊಡೆ ತಬ್ಬುವುದು, ಭುಜ ಕೊಟ್ಟು ಅಂಕಣದಾಚೆ ದೂಡುವುದು ಅವನ ಉಪಾಯಗಳು. ಒಳಗಿನವನು ಮೂಲೆಯವನ ಕೈಬಿಡದೆ ಜಗ್ಗಿ ಹಿಂದೆಳೆದುಕೊಂಡು ಕಾಪಾಡುತ್ತಾನೆ. ತಂಡದ ಮುಖ್ಯ ದಾಳಿಗಾರನನ್ನು ಅನೇಕ ವೇಳೆ ಇಲ್ಲಿಯೇ ನಿಲ್ಲಿಸುತ್ತಾರೆ. ದಾಳಿಗಾರನು ಎಡಕ್ಕೆ ವಾಲಿದರೆ ಆ ತುದಿ ಹಿಂಜರಿಯಬೇಕು, ಎದುರು ತುದಿ ಮುಂದೆ ಬಂದು ಬಾಗಿಲು ಹಾಕಬೇಕು. ಸರಪಳಿಯ ಒಂದು ಕೊಂಡಿ ಮಂಕಾದರೆ ಉಳಿದ ಆರೂ ವ್ಯರ್ಥ.

ಏಷ್ಯಾ ಕ್ರೀಡಾಕೂಟಗಳಲ್ಲಿ 1990ರಿಂದ 2014ರವರೆಗೆ ಏಳು ಬಾರಿ ಪುರುಷರ ಚಿನ್ನ ಭಾರತದ್ದೇ ಆಗಿತ್ತು. 2018ರಲ್ಲಿ ಜಕಾರ್ತದ ಉಪಾಂತ್ಯದಲ್ಲಿ ಇರಾನ್ 27-18ರಿಂದ ನಮ್ಮನ್ನು ಮಣಿಸಿತು. ಹೆಸರಾಂತ ದಾಳಿಗಾರರು ನಮ್ಮಲ್ಲಿದ್ದರು. ಹದಿನೆಂಟರ ಮೇಲೆ ಅಂಕ ಏರಲಿಲ್ಲ. ಇರಾನಿನ ಫಜಲ್ ಅತ್ರಾಚಲಿ ಎಡ ಮೂಲೆಯಲ್ಲಿ ನಿಂತು, ಹರಡು ಹಿಡಿಯುವುದರಲ್ಲಿ ಜಗತ್ತೇ ಬೆರಗಾಗುವಂತೆ ಹೆಸರು ಪಡೆದವರು. ಮುಂದೆ 2023ರಲ್ಲಿ ಹಾಂಗ್‌ಝೌನಲ್ಲಿ ಭಾರತವು ಇರಾನನ್ನೇ ಸೋಲಿಸಿ ಚಿನ್ನವನ್ನು ಮರಳಿ ಪಡೆಯಿತು. ಮೂಲೆಯಲ್ಲಿ ನಿಲ್ಲಲು ಮುನಿಯುವ ಹುಡುಗನಿಗೆ ಜಕಾರ್ತದ ಈ ವೃತ್ತಾಂತವನ್ನು ಹೇಳಬೇಕು. ನಮ್ಮ ಊರುಗಳ ಪಂದ್ಯಾವಳಿಗಳಲ್ಲಿ ‘ಬೆಸ್ಟ್ ಕ್ಯಾಚರ್’ ಬಹುಮಾನವಿರುವುದು ಸಂತೋಷ. ಅದನ್ನು ಕೊಡುವ ಹೊತ್ತಿಗೆ ಜನ ಎದ್ದು ಹೊರಟಿರುತ್ತಾರೆಂಬುದೊಂದೇ ಕೊರತೆ.

ಕಾಯುವವರು ಮೂವರೇ ಉಳಿದಾಗ ವ್ಯೂಹ ಚದುರಿ, ಈ ಹೆಸರುಗಳೂ ಸಡಿಲಾಗುತ್ತವೆ. ಆಗ ಪ್ರೇಕ್ಷಕರು ಆಟ ಮುಗಿಯಿತೆಂದು ಮಾತಿಗೆ ತೊಡಗುತ್ತಾರೆ. ಮೂವರು ಅಥವಾ ಅದಕ್ಕೂ ಕಡಮೆ ಮಂದಿ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚಿಗೆ ಕೊಡುವ ಸೂಪರ್ ಟ್ಯಾಕಲ್ ನಿಯಮ ಅವರಿಗಾಗಿಯೇ ಇದೆ. ಮುಂದಿನ ಪಂದ್ಯದಲ್ಲಿ ಆ ಹೊತ್ತಿಗೆ ಮೂಲೆಯವನ ಪಾದಗಳ ಕಡೆ ನೋಡಿರಿ.