ಪರವಾನಗಿ ಸಿಕ್ಕ ಮೇಲಿನ ಪಾಠ: ಹೊಸ ಲಾರಿ ಚಾಲಕನಿಗೆ ಕಲಿಸುವವರು ಯಾರು?

ಉಡುಪಿ: ಭಾರೀ ವಾಹನದ ಪರವಾನಗಿ ಕೈಸೇರಿದ ಮಾತ್ರಕ್ಕೆ ಲಾರಿ ಚಾಲನೆ ಕರಗತವಾಗುವುದಿಲ್ಲ. ಖಾಲಿ ವಾಹನವನ್ನು ಸಮತಟ್ಟಾದ ಜಾಗದಲ್ಲಿ ಹಿಂದೆ ಮುಂದೆ ಚಲಾಯಿಸಿ ತೋರಿಸಿದವನು ಕೆಲವೇ ದಿನಗಳಲ್ಲಿ ತುಂಬಿದ ಲಾರಿಯೊಂದಿಗೆ ಘಟ್ಟ ಇಳಿಯಬೇಕಾಗಬಹುದು. ಇವೆರಡರ ನಡುವಿನ ಅಂತರವನ್ನು ತುಂಬಬೇಕಾದುದು ಕೆಲಸದ ಜತೆಜತೆಗೇ ದೊರೆಯುವ ತರಬೇತಿ. ಜಿಲ್ಲೆಯ ರಸ್ತೆಗಳ ಸುರಕ್ಷತೆ ಬಹುಮಟ್ಟಿಗೆ ಅದರ ಗುಣಮಟ್ಟವನ್ನೇ ಅವಲಂಬಿಸಿದೆ.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಚಲಾಯಿಸಲು 20 ವರ್ಷ ತುಂಬಿರಬೇಕು. ಭಾರೀ ವಾಹನದ ಕಲಿಕಾ ಪರವಾನಗಿ ಪಡೆಯಲು ಅದಕ್ಕೂ ಮೊದಲು ಲಘು ವಾಹನದ ಪರವಾನಗಿ ಕನಿಷ್ಠ ಒಂದು ವರ್ಷದಿಂದ ಇರಬೇಕು. ಎಂಟನೇ ತರಗತಿ ತೇರ್ಗಡೆಯ ನಿಬಂಧನೆಯನ್ನು 2019ರಲ್ಲಿ ಕೈಬಿಡಲಾಯಿತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಲಘು ವಾಹನದ ಪರವಾನಗಿಯೇ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿದೆ.

ಚಾಲನಾ ಶಾಲೆಗಳಲ್ಲಿ ಸಾರಿಗೆ ವಾಹನದ ತರಬೇತಿಗೆ ಕನಿಷ್ಠ 30 ದಿನ, ಅದರಲ್ಲಿ ಸ್ಟಿಯರಿಂಗ್ ಹಿಡಿದು ಕಲಿಯಲು 15 ಗಂಟೆ ಎಂದು ಕೇಂದ್ರ ನಿಯಮಗಳಲ್ಲಿ ನಿಗದಿಯಾಗಿತ್ತು. 2021ರಲ್ಲಿ ಬಂದ ಮಾನ್ಯತಾ ತರಬೇತಿ ಕೇಂದ್ರಗಳ ವ್ಯವಸ್ಥೆಯಲ್ಲಿ ಭಾರೀ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ಪಠ್ಯವನ್ನು ಗೊತ್ತುಪಡಿಸಲಾಯಿತು. ಆದರೆ ಇವೆಲ್ಲವೂ ಪರವಾನಗಿಯವರೆಗಿನ ಮಾತು. ಅಪಾಯಕಾರಿ ಸರಕು ಸಾಗಿಸುವವರಿಗೆ ಪ್ರತ್ಯೇಕ ತರಬೇತಿ ಕಡ್ಡಾಯವಿದೆ. ಜಲ್ಲಿ, ಅಕ್ಕಿ ಅಥವಾ ಮೀನು ಸಾಗಿಸುವ ಹೊಸಬನಿಗೆ ಅಂತಹ ಕಡ್ಡಾಯವಿಲ್ಲ.

ಕ್ಲೀನರ್ ಸೀಟಿನ ಪಾಠಶಾಲೆ

ಈ ಕೊರತೆಯನ್ನು ಬಹುಕಾಲ ತುಂಬಿದ್ದು ಕ್ಲೀನರ್ ಪದ್ಧತಿ. ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ಟಯರಿನ ಗಾಳಿ ನೋಡುವುದು, ಹಿಂದೆ ಸರಿಯುವಾಗ ಸನ್ನೆ ತೋರುವುದು ಇವೆಲ್ಲವನ್ನೂ ವರ್ಷಗಟ್ಟಲೆ ಮಾಡಿದ ಹುಡುಗ ಮುಂದೆ ಚಾಲಕನಾಗುತ್ತಿದ್ದ. ವಾಹನದ ಗುಣಸ್ವಭಾವ ಆತನಿಗೆ ಚೆನ್ನಾಗಿ ತಿಳಿದಿರುತ್ತಿತ್ತು.

ಈ ಪದ್ಧತಿಗೆ ದೋಷಗಳೂ ಉಂಟು. ಗುರುವಿನ ಒಳ್ಳೆಯ ಅಭ್ಯಾಸದ ಜತೆಗೆ ಕೆಟ್ಟ ಚಾಳಿಯೂ ಶಿಷ್ಯನಿಗೆ ದಾಟುತ್ತದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕುವುದು ಇದಕ್ಕೆ ಉದಾಹರಣೆ. ಪರವಾನಗಿಯೇ ಇಲ್ಲದವನಿಗೆ ರಾತ್ರಿ ಹೊತ್ತು ಸ್ಟಿಯರಿಂಗ್ ಕೊಡುವುದಂತೂ ಸ್ಪಷ್ಟ ಅಪರಾಧ. ಕಲಿಕಾ ಪರವಾನಗಿ ಇದ್ದರೂ ‘ಎಲ್’ ಫಲಕ ಇರಬೇಕು. ವಾಹನವನ್ನು ನಿಲ್ಲಿಸಬಲ್ಲಂತೆ, ಆ ವರ್ಗದ ಪರವಾನಗಿಯುಳ್ಳ ಬೋಧಕ ಪಕ್ಕದಲ್ಲೇ ಕುಳಿತಿರಬೇಕು. ಇನ್ನು ವೆಚ್ಚ ಉಳಿಸಲು ಕ್ಲೀನರ್‌ನನ್ನೇ ಕೈಬಿಟ್ಟ ಲಾರಿಯಲ್ಲಿ ಕಲಿಯುವವನಿಗೆ ಜಾಗವೇ ಉಳಿಯುವುದಿಲ್ಲ.

ಒಂದೇ ಜಿಲ್ಲೆ, ಹಲವು ಪರೀಕ್ಷೆ

ಉಡುಪಿ ಜಿಲ್ಲೆಯ ರಸ್ತೆಗಳು ಒಂದೊಂದೂ ಬೇರೆ ಬೇರೆ ಪಾಠ ಕೇಳುತ್ತವೆ. ಕಾಪುವಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗದ ವಾಹನಗಳ ನಡುವೆಯೇ ರಸ್ತೆ ದಾಟುವವರು, ಡಿವೈಡರ್ ತೆರವಿನಲ್ಲಿ ತಿರುಗುವ ದ್ವಿಚಕ್ರ ವಾಹನಗಳು ಎದುರಾಗುತ್ತವೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮುಂಗಾರಿನಲ್ಲಿ ಒದ್ದೆಯಾದ ರಸ್ತೆಯಲ್ಲಿ ವಾಹನ ನಿಲ್ಲಲು ಇನ್ನಷ್ಟು ದೂರ ಬೇಕು. ಮಣಿಪಾಲದ ಗುಡ್ಡದ ಏರಿನಲ್ಲಿ, ವಾಹನ ದಟ್ಟಣೆಯ ಮಧ್ಯೆ ನಿಂತ ಲಾರಿ ಹಿಂದಕ್ಕೆ ಜಾರದಂತೆ ಹೊರಡಿಸುವುದೇ ಒಂದು ವಿದ್ಯೆ. ಮಲ್ಪೆಯಿಂದ ಮೀನು ಹೊತ್ತ ಲಾರಿಗೆ ಮಂಜುಗಡ್ಡೆ ಕರಗುವ ಮುನ್ನ ಸೇರಬೇಕೆಂಬ ಒತ್ತಡ.

ಎಲ್ಲಕ್ಕಿಂತ ಕಠಿಣವಾದುದು ಘಟ್ಟದ ಇಳಿಜಾರು. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಏರುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಇಳಿಯುವಾಗ ಬರೀ ಕಾಲಿನ ಬ್ರೇಕನ್ನೇ ನಂಬಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಪದೇ ಪದೇ ಒತ್ತಿದರೆ ಏರ್ ಬ್ರೇಕಿನ ಗಾಳಿಯ ಒತ್ತಡವೂ ಕುಸಿಯುತ್ತದೆ. ಇಳಿಜಾರು ಆರಂಭವಾಗುವ ಮುನ್ನವೇ ಕೆಳ ಗೇರಿಗೆ ಬಂದು, ಎಂಜಿನ್ನಿನ ತಡೆಯನ್ನೂ ಎಕ್ಸಾಸ್ಟ್ ಬ್ರೇಕನ್ನೂ ಬಳಸುವುದೇ ಸರಿಯಾದ ಕ್ರಮ. 2018ರಲ್ಲಿ ಮೂರು ಆಕ್ಸಲ್ ಲಾರಿಯ ಅನುಮತಿಸಿದ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಏರಿದ ಮೇಲೆ ಈ ಪಾಠದ ಮಹತ್ವ ಇನ್ನೂ ಹೆಚ್ಚಿದೆ.

ಕಾರ್ಕಳ ಭಾಗದ ಕಲ್ಲಿನ ಕೋರೆಗಳಲ್ಲಿ ದುಡಿಯುವ ಟಿಪ್ಪರ್ ಚಾಲಕರಿಗೆ ಇನ್ನೊಂದು ಅಪಾಯವಿದೆ. ಇಳಿಜಾರಾದ ಅಥವಾ ಮೆತ್ತನೆಯ ನೆಲದಲ್ಲಿ ತೊಟ್ಟಿ ಎತ್ತಿದರೆ ವಾಹನ ಪಕ್ಕಕ್ಕೆ ಮಗುಚಬಹುದು. ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ನೋಡದಿದ್ದರೆ ಪ್ರಾಣಕ್ಕೇ ಸಂಚಕಾರ.

ಉತ್ತಮ ತರಬೇತಿಯ ಲಕ್ಷಣ

ತರಬೇತಿಯನ್ನು ದಿನಗಳಿಂದ ಅಳೆಯುವುದಕ್ಕಿಂತ ಸನ್ನಿವೇಶಗಳಿಂದ ಅಳೆಯುವುದು ಸೂಕ್ತ. ಹೊಸ ಚಾಲಕ ಮೊದಲು ಖಾಲಿ ಲಾರಿ, ಬಳಿಕ ಅರ್ಧ ಹೇರು, ಅನಂತರ ಪೂರ್ಣ ಹೇರಿನೊಂದಿಗೆ ಓಡಿಸಬೇಕು. ಹಗಲು ಪಳಗಿದ ಮೇಲೆ ರಾತ್ರಿ, ಬಯಲು ದಾರಿಯ ಬಳಿಕ ಘಟ್ಟ, ಒಣ ರಸ್ತೆಯ ಬಳಿಕ ಮಳೆ. ಪ್ರತಿ ಹಂತದಲ್ಲೂ ಅನುಭವಿ ಚಾಲಕ ಪಕ್ಕದಲ್ಲಿರಬೇಕು. ಆತನ ಆ ದಿನದ ಭತ್ಯೆ ಕಡಿತವಾಗಬಾರದು. ಟ್ರಿಪ್ಪಿನ ಲೆಕ್ಕದಲ್ಲಿ ಹಣ ಪಡೆಯುವವನಿಗೆ ನಿಧಾನವಾಗಿ ಕಲಿಸುವ ವ್ಯವಧಾನ ಎಲ್ಲಿಂದ ಬರಬೇಕು?

ಹೊರಡುವ ಮುನ್ನ ಗಾಳಿಯ ಒತ್ತಡ, ಟಯರು, ದೀಪ, ಹೇರಿನ ಕಟ್ಟು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮೊದಲ ದಿನದಿಂದಲೇ ಬೆಳೆಯಬೇಕು. ‘ವಾಹನ ಸರಿಯಿಲ್ಲ, ಹೊರಡಲಾರೆ’ ಎನ್ನುವ ಧೈರ್ಯವೂ ತರಬೇತಿಯ ಭಾಗವೇ.

ಹೊಣೆ ಮಾಲೀಕನದೂ ಹೌದು

ಪರವಾನಗಿ ಇಲ್ಲದವನ ಕೈಗೆ ವಾಹನ ಒಪ್ಪಿಸಿದ ಮಾಲೀಕನಿಗೆ 2019ರ ತಿದ್ದುಪಡಿಯ ಬಳಿಕ 5,000 ರೂಪಾಯಿ ದಂಡವಿದೆ. ವಿಮಾ ಕಂಪೆನಿ ಪರಿಹಾರ ಕೊಟ್ಟರೂ ಆ ಮೊತ್ತವನ್ನು ಮಾಲೀಕನಿಂದಲೇ ವಸೂಲು ಮಾಡಲು ಅವಕಾಶವಿದೆ. ಆದರೆ ಪರವಾನಗಿ ಇದ್ದೂ ಪಳಗದವನನ್ನು ಒಂಟಿಯಾಗಿ ಘಟ್ಟಕ್ಕೆ ಕಳುಹಿಸುವುದಕ್ಕೆ ಪ್ರತ್ಯೇಕ ದಂಡವಿಲ್ಲ. ಅದರ ಬೆಲೆಯನ್ನು ತೆರಬೇಕಾದವರು ಆ ಚಾಲಕ ಮತ್ತು ಎದುರಿನಿಂದ ಬರುವವರು. ಜತೆಗಾರನೊಂದಿಗಿನ ಕೆಲವು ವಾರಗಳ ವೆಚ್ಚ ಇದರ ಮುಂದೆ ಅಲ್ಪವೇ ಸರಿ.