ಒಡಲ ಕೂಸಿನ ಮಿಸುಕಾಟ

ಬಸುರಿ ಹೆಣ್ಣಿಗೆ ನಮ್ಮ ಪ್ರಾಚೀನರು ಕೊಟ್ಟ ಹೆಸರುಗಳಲ್ಲಿ ‘ದೌಹೃದಿನಿ’ ಎಂಬುದು ಬಹು ಅರ್ಥವತ್ತಾದುದು. ಎರಡು ಹೃದಯಗಳುಳ್ಳವಳು ಎಂದು ಅದರ ಭಾವ. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದೆಂದೂ, ಕೂಸಿನ ಇಚ್ಛೆಯೇ ತಾಯಿಯ ಬಯಕೆಯಾಗಿ ಹೊರಹೊಮ್ಮುವುದೆಂದೂ ಸುಶ್ರುತಸಂಹಿತೆ ಹೇಳುತ್ತದೆ. ಬಯಕೆಯನ್ನು ತೀರಿಸುವುದರಲ್ಲಿ ನಮ್ಮ ಮನೆಗಳು ಹಿಂದೆ ಬಿದ್ದವಲ್ಲ. ಆದರೆ ಆ ಎರಡನೆಯ ಹೃದಯಕ್ಕೆ ಬಯಕೆಗಿಂತ ಸ್ಪಷ್ಟವಾದ ಇನ್ನೊಂದು ಭಾಷೆಯುಂಟು, ಅದೇ ಮಿಸುಕಾಟ. ಅದನ್ನು ಹಗಲಿರುಳೂ ಕೇಳಬಲ್ಲವಳು ತಾಯಿಯೊಬ್ಬಳೇ. ಅವಳು ಕೇಳಿ ಹೇಳಿದುದನ್ನು ಮನೆಯವರು ನಂಬುವರೆ ಎಂಬುದರ ಮೇಲೆ ಎಷ್ಟೋ ವೇಳೆ ಒಂದು ಜೀವವೇ ನಿಂತಿರುತ್ತದೆ.

ತಾಯಿಗೆ ತಿಳಿಯುವುದಕ್ಕೆ ಬಹು ಮುಂಚೆಯೇ ಕೂಸು ಚಲಿಸತೊಡಗುತ್ತದೆ. ಏಳೆಂಟು ವಾರಗಳ ಭ್ರೂಣದ ಚಲನೆಯನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಕಾಣಬಹುದು. ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ 18ರಿಂದ 20 ವಾರಗಳಲ್ಲಿ ಅದರ ಅರಿವಾಗುತ್ತದೆ. ಹಿಂದೆ ಹೆತ್ತವಳಿಗೆ 16ನೆಯ ವಾರಕ್ಕೇ ಆಗಬಹುದು. ಕೆರೆಯ ನೀರಿನಲ್ಲಿ ಮೀನಮರಿ ಬಾಲ ಬಡಿದಂತಹ ಆ ಮೊದಲ ಮಿಡಿತ ದಿನಕಳೆದಂತೆ ಒದೆತವಾಗಿ, ಹೊರಳಾಟವಾಗಿ ಬಲಿಯುತ್ತದೆ. 32ನೆಯ ವಾರದವರೆಗೆ ಹೆಚ್ಚುತ್ತ ಹೋಗಿ, ಆಮೇಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೂಸಿಗೆ ನಿದ್ರೆಯೂ ಉಂಟು. ಒಂದೊಂದು ನಿದ್ರೆ 20ರಿಂದ 40 ನಿಮಿಷ. ಒಂದೂವರೆ ಗಂಟೆಯನ್ನು ಮೀರುವುದು ವಿರಳ. ಸಂಜೆ ಇರುಳುಗಳಲ್ಲಿ ಕೂಸು ಚುರುಕು. ಹೀಗೆ ಒಂದೊಂದು ಕೂಸಿಗೂ ಅದರದೇ ಆದ ಒಂದು ದಿನಚರಿ. ಅದನ್ನು ತಾಯಿ ಯಾವ ಪುಸ್ತಕದ ನೆರವೂ ಇಲ್ಲದೆ ಕಲಿತುಬಿಡುತ್ತಾಳೆ.

ತೊಡಕು ಹುಟ್ಟುವುದು ಈ ದಿನಚರಿ ತಪ್ಪಿದಾಗ. ಮಂಡ್ಯದ ಸೀಮೆಯ ಮನೆಯೊಂದರಲ್ಲಿ ಎಂಟೂವರೆ ತಿಂಗಳ ಸೊಸೆ, “ಅತ್ತೆಮ್ಮ, ಬೆಳಗಿಂದ ಕೂಸು ಮಿಸುಕ್ಲೇ ಇಲ್ಲ” ಎನ್ನುತ್ತಾಳೆಂದು ಭಾವಿಸಿ. “ತಿಂಗ್ಳು ತುಂಬ್ತಾ ಅದಲ್ಲ ಕಣವ್ವ, ಒಳಗೆ ಜಾಗ ಸಾಲ್ದು, ಅದ್ಕೇ ಸುಮ್ಕದೆ” ಎಂಬ ಉತ್ತರ ಬರುತ್ತದೆ. ಅತ್ತೆಯ ಮಾತಿನಲ್ಲಿ ಕೇಡಿಲ್ಲ, ಸಾಂತ್ವನವೇ ಇದೆ. ಆದರೆ ಆ ಸಾಂತ್ವನ ನಿಜವಲ್ಲ. ತಿಂಗಳು ತುಂಬಿದ ಕೂಸಿನ ಚಲನೆಯ ರೀತಿ ಬದಲಾಗಬಹುದು. ಒದೆತ ಹೋಗಿ ಹೊರಳಾಟ ಬರಬಹುದು. ಆದರೆ ಹೆರಿಗೆಯವರೆಗೂ, ಹೆರಿಗೆಯ ನೋವಿನ ನಡುವೆಯೂ ಅದು ಮಿಸುಕುತ್ತಿರಲೇಬೇಕು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಕೂಸಿಗೆ ಉಸಿರೂ ಅನ್ನವೂ ಬರುವುದು ಮಾಸಿನ ಮೂಲಕ. ರಕ್ತದೊತ್ತಡವೇರಿಯೋ ಬೇರಾವ ಕಾರಣದಿಂದಲೋ ಮಾಸು ಸೋತಾಗ ಕೂಸು ಮಿತವ್ಯಯಕ್ಕೆ ತೊಡಗುತ್ತದೆ. ಬರಗಾಲದಲ್ಲಿ ರೈತನು ಇದ್ದ ನೀರನ್ನು ಬೇರಿಗಷ್ಟೇ ಉಣಿಸುವಂತೆ, ಅದು ಇರುವ ಪ್ರಾಣವಾಯುವನ್ನು ಮಿದುಳಿಗೆ, ಹೃದಯಕ್ಕೆ ಮೀಸಲಿಟ್ಟು ಕೈಕಾಲುಗಳ ಆಟವನ್ನು ನಿಲ್ಲಿಸುತ್ತದೆ. ಹೊರಗಿನವರಿಗೆ ನೆಮ್ಮದಿಯಾಗಿ ತೋರುವ ಮೌನವು ಒಳಗೆ ಮೊರೆಯಾಗಿರಬಹುದು.

ಈ ಮೌನಕ್ಕೆ ವೈದ್ಯರು ಲೆಕ್ಕವನ್ನು ಹುಡುಕಿದುದು ಇತ್ತೀಚೆಗೆ. 1973ರಲ್ಲಿ ಜೆರುಸಲೇಮಿನ ಸದೋವ್ಸ್ಕಿ ಮತ್ತು ಅವರ ಸಹೋದ್ಯೋಗಿ, 1976ರಲ್ಲಿ ಕಾರ್ಡಿಫ್ ನಗರದ ಪಿಯರ್ಸನ್ ಮತ್ತು ವೀವರ್, ತಾಯಂದಿರಿಂದಲೇ ಮಿಸುಕಾಟವನ್ನು ಎಣಿಸಿಸಿ ಬರೆದರು. ‘ಹತ್ತರ ಎಣಿಕೆ’ ಆಗ ಪ್ರಸಿದ್ಧವಾಯಿತು. ಆದರೆ 68,000 ಗರ್ಭಿಣಿಯರನ್ನೊಳಗೊಂಡ ಪರೀಕ್ಷೆಯ ಫಲ 1989ರಲ್ಲಿ ಹೊರಬಂದಾಗ, ಎಲ್ಲರಿಂದಲೂ ನಿತ್ಯವೂ ಎಣಿಸಿದ ಮಾತ್ರಕ್ಕೆ ಗರ್ಭದಲ್ಲೇ ಅಳಿಯುವ ಕೂಸುಗಳ ಸಂಖ್ಯೆ ಇಳಿಯಲಿಲ್ಲವೆಂದು ಕಂಡಿತು. 2018ರಲ್ಲಿ ಪ್ರಕಟವಾದ, ನಾಲ್ಕು ಲಕ್ಷಕ್ಕೂ ಮೀರಿದ ಬಸುರುಗಳನ್ನು ಕಂಡ ಬ್ರಿಟನ್–ಐರ್ಲೆಂಡಿನ ಪರೀಕ್ಷೆಯೂ ತಾಯಂದಿರಿಗೆ ತಿಳಿವಳಿಕೆ ಕೊಟ್ಟು, ಬಂದವರನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದುದರಿಂದ ನಿಶ್ಚಿತವಾದ ಲಾಭವನ್ನು ಕಾಣಲಿಲ್ಲ. ಅಂಕಿಗೆ ಮಂತ್ರಶಕ್ತಿಯಿಲ್ಲ. ಆದರೂ ತನ್ನ ಕೂಸಿನ ರೂಢಿಯನ್ನು ಅರಿತು, ಅದು ತಪ್ಪಿದೊಡನೆ ವೈದ್ಯರಿಗೆ ತಿಳಿಸಬೇಕೆಂಬ ಹಿತವಚನವನ್ನು ಯಾರೂ ಹಿಂದೆಗೆದುಕೊಂಡಿಲ್ಲ.

28 ವಾರಗಳು ಕಳೆದವಳಿಗೆ ಸಂಶಯ ಬಂದರೆ ಎಡಮಗ್ಗುಲಾಗಿ ಮಲಗಿ ಎರಡು ಗಂಟೆ ಮನಸ್ಸಿಟ್ಟು ಗಮನಿಸಲಿ. ಹತ್ತು ಮಿಸುಕಾಟ ಕಾಣದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಏನೂ ಕಾಣದಿದ್ದರೆ ಎಣಿಸುತ್ತ ಕೂರುವುದೂ ಬೇಡ. ಸಿಹಿ ತಿಂದು ನೋಡೋಣ, ನಾಳೆ ನೋಡೋಣ ಎಂಬ ಮಾತುಗಳು ಸಲ್ಲವು. ಆಸ್ಪತ್ರೆಯಲ್ಲಿ ಕೂಸಿನ ಎದೆಬಡಿತವನ್ನು ಆಲಿಸುತ್ತಾರೆ. ಸುಮಾರು 20 ನಿಮಿಷ ಯಂತ್ರದಲ್ಲಿ ಬಡಿತದ ಗೆರೆಯನ್ನು ಬರೆಯಿಸುತ್ತಾರೆ. ಗರ್ಭದ ನೀರನ್ನೂ ಬೆಳವಣಿಗೆಯನ್ನೂ ಸ್ಕ್ಯಾನಿಂಗಿನಿಂದ ಅಳೆಯುತ್ತಾರೆ. ಬಹುಮಂದಿ ಎಲ್ಲವೂ ನೆಟ್ಟಗಿದೆಯೆಂಬ ಮಾತು ಕೇಳಿ ಮನೆಗೆ ಮರಳುತ್ತಾರೆ. ಅಂತಹ ಪ್ರಯಾಣ ವ್ಯರ್ಥವಲ್ಲ. ಮತ್ತೆ ಸಂಶಯ ಬಂದರೆ ಮತ್ತೆ ಹೋಗಲು ಸಂಕೋಚವೂ ಬೇಡ.

ಸಾಧನಗಳಿಗೆ ಈ ಜಿಲ್ಲೆಯಲ್ಲಿ ಹಿಂದಿನ ಕೊರತೆಯಿಲ್ಲ. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. 108ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ಬರುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮಂಡ್ಯ, ಮದ್ದೂರುಗಳ ಮಗ್ಗುಲಲ್ಲೇ ಸಾಗಿದೆ. ತಾಯಂದಿರ ಮರಣವನ್ನು ವಿವೇಚಿಸಿದ ಥಡಿಯಸ್ ಮತ್ತು ಮೇಯ್ನ್ 1994ರಲ್ಲಿ ಮೂರು ವಿಳಂಬಗಳನ್ನು ಹೆಸರಿಸಿದರು: ಹೊರಡಲು ನಿರ್ಧರಿಸುವಲ್ಲಿ, ಆಸ್ಪತ್ರೆಯನ್ನು ಮುಟ್ಟುವಲ್ಲಿ, ಅಲ್ಲಿ ಚಿಕಿತ್ಸೆ ದೊರೆಯುವಲ್ಲಿ. ಕೂಸಿನ ವಿಷಯಕ್ಕೂ ಈ ಮಾತು ಒಪ್ಪುತ್ತದೆ. ರಸ್ತೆ ಎರಡನೆಯ ವಿಳಂಬವನ್ನು ತಗ್ಗಿಸಬಲ್ಲುದು. ಮೊದಲನೆಯದು ನಡುಮನೆಯಲ್ಲಿ ಹುಟ್ಟುವಂಥದು. ಕಬ್ಬಿನ ಗದ್ದೆಯಲ್ಲೋ ನಾಟಿಯ ಕೆಸರಿನಲ್ಲೋ ದಿನವೆಲ್ಲ ಬಗ್ಗಿ ದುಡಿಯುವವಳಿಗೆ ಕೂಸಿನ ಕಡೆ ಕಿವಿಗೊಡಲು ಬಿಡುವೆಲ್ಲಿ? ಸೀಮಂತ ಮುಗಿಸಿ ತವರಿಗೆ ಬಂದವಳ ತಾಯಿ ಕಾರ್ಡು ಗಂಡನ ಮನೆಯಲ್ಲೇ ಉಳಿದರೆ ಹೊಸ ವೈದ್ಯರಿಗೆ ಹಿಂದಿನ ವೃತ್ತಾಂತ ತಿಳಿಯುವುದೆಂತು? ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ ನಿಜ. ಕೂಸಿನ ಸಂಕಟ ತಾರೀಖು ನೋಡಿ ಬರುವುದಿಲ್ಲ.

ಕೂಸಿನ ಮಿಸುಕಾಟಕ್ಕೆ ಬೇರೊಂದು ಅರ್ಥವನ್ನು ಹಚ್ಚುವವರೂ ಉಂಟು. ಬಲಕ್ಕೆ ಒದ್ದರೆ ಗಂಡು, ಎಡಕ್ಕೆ ಒದ್ದರೆ ಹೆಣ್ಣು ಎಂಬ ಮಾತಿಗೆ ಆಧಾರವಿಲ್ಲ. ಆ ಕುತೂಹಲ ಎಲ್ಲಿಗೆ ಮುಟ್ಟಬಲ್ಲುದೆಂಬುದನ್ನು ಈ ಜಿಲ್ಲೆ ಕಂಡಿದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಆಗಿದ್ದರೂ, ಮಂಡ್ಯದ ಸಮೀಪದ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಆ ಕೆಲಸ ನಡೆಸುತ್ತಿದ್ದ ಜಾಲ 2023ರಲ್ಲಿ ಬಯಲಾಯಿತು. ಬೆಲ್ಲ ಕಾಯುವ ಮನೆಯಲ್ಲಿ ಹೆಣ್ಣುಜೀವಗಳ ತೀರ್ಪು! ಒಡಲ ಕೂಸನ್ನು ಕೇಳಬೇಕಾದ ಪ್ರಶ್ನೆ ‘ನೀನು ಯಾರು?’ ಎಂಬುದಲ್ಲ, ‘ಕ್ಷೇಮವೆ?’ ಎಂಬುದು. ಅದಕ್ಕೆ ಉತ್ತರವನ್ನು ಕೂಸು ತಾನೇ ದಿನವೂ ಕೊಡುತ್ತಿರುತ್ತದೆ.

ಆ ಉತ್ತರವನ್ನು ತಾಯಿ ಕೇಳಬಲ್ಲಳು. ಅವಳು ಬಾಯಿಬಿಟ್ಟು ಹೇಳಲು ಅಂಜದಂತಹ ಮನೆಯನ್ನು ಕಟ್ಟುವುದು ಉಳಿದವರ ಕೆಲಸ. ಇಂದು ಯಾಕೋ ಕೂಸು ಸುಮ್ಮನಿದೆ ಎಂದು ಬಸುರಿ ಹೇಳಿದಾಗ, ಆಗಿಂದಾಗಲೇ ಎದ್ದು ಗಾಡಿ ಕಟ್ಟುವ ಮನೆಯೇ ನಿಜವಾಗಿ ಅವಳ ಬಯಕೆಯನ್ನು ತೀರಿಸಿದ ಮನೆ.